ಹೊಸ ಗಾಲಿಗೆ ಯಾವ ನಟ್ಟು?

ಯುದ್ಧದ ನಡುವೆ ದಶರಥನ ರಥದ ಕಡೆಗೀಲು ಕಳಚಿತು. ಪಕ್ಕದಲ್ಲಿದ್ದ ಕೈಕೇಯಿ ತನ್ನ ಬೆರಳನ್ನೇ ಆ ಜಾಗಕ್ಕೆ ತೂರಿಸಿ ಗಾಲಿಯನ್ನು ಉಳಿಸಿದಳು. ಈ ಕಥೆಯನ್ನು ಕೇಳದೆ ಬೆಳೆದವರು ಕನ್ನಡ ನಾಡಿನಲ್ಲಿ ಕಡಿಮೆ. ಆ ಬೆರಳಿಗೆ ಸಿಕ್ಕಿದ್ದು ಎರಡು ವರ. ಆ ವರಗಳಿಂದ ಮುಂದೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಒಂದು ಕೀಲು ಬಿದ್ದುಹೋದದ್ದರ ಪರಿಣಾಮ ಅಷ್ಟು ದೂರ ಹೋಯಿತು!

ಗಡಿ ತಾಲ್ಲೂಕಾದ ಆಳಂದದ ಸರಸಂಬಾದಂಥ ಊರುಗಳ ಹಿರಿಯರಿಗೆ ಕಡೆಗೀಲಿನ ಮಹತ್ವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಎರೆಭೂಮಿಯ ದಾರಿಯಲ್ಲಿ ತೊಗರಿ, ಜೋಳ ಹೇರಿಕೊಂಡು ಹೊರಡುವ ಮುಂಚೆ ಎತ್ತಿನ ಕೊರಳು ಸವರಿ, ಬಗ್ಗಿ ಕೀಲು ಮುಟ್ಟಿ ನೋಡುವುದು ಬಂಡಿ ಹೊಡೆಯುವವರಿಗೆ ಉಸಿರಾಡಿದಷ್ಟು ಸಹಜವಾಗಿತ್ತು. ಈಗ ಬಂಡಿಗಳು ಕಡಿಮೆಯಾಗಿವೆ. ಅವುಗಳ ಜಾಗಕ್ಕೆ ಟ್ರ್ಯಾಕ್ಟರು, ಜೀಪು, ಕಾರು ಬಂದಿವೆ. ಪುಣೆ, ಮುಂಬೈ, ಹೈದರಾಬಾದುಗಳಲ್ಲಿ ದುಡಿಯುವ ಮಕ್ಕಳು ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದಾಗ ಗುಡಿಯ ಮುಂದೆ ನಿಲ್ಲುವ ಕಾರುಗಳ ಗಾಲಿಗಳನ್ನು ಒಮ್ಮೆ ಗಮನಿಸಬೇಕು. ಕಂಪೆನಿ ಕೊಟ್ಟ ಕಪ್ಪು ಉಕ್ಕಿನ ಗಾಲಿ ಹೋಗಿ ಹೊಳೆಯುವ ಅಲಾಯ್ ಗಾಲಿ ಬಂದಿರುತ್ತದೆ. ಸ್ವಿಫ್ಟ್, ಪೋಲೊ, ಐ20 ಮೊದಲಾದ ಚುರುಕು ಕಾರುಗಳನ್ನು ಕೊಂಡವರಿಗಂತೂ ಗಾಲಿ ಬದಲಾಯಿಸುವುದೇ ಮೊದಲ ಅಲಂಕಾರ.

ಈ ಅಲಂಕಾರಕ್ಕೆ ಹತ್ತಾರು ಸಾವಿರ ರೂಪಾಯಿ ಖರ್ಚಾಗುತ್ತದೆ. ಗಾಲಿಯ ಬಣ್ಣ, ಕಡ್ಡಿಗಳ ವಿನ್ಯಾಸ, ಟೈರಿನ ಅಗಲ, ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಆ ಗಾಲಿಯನ್ನು ಕಾರಿಗೆ ಹಿಡಿದಿಡುವ ನಟ್ಟುಗಳ ವಿಷಯ ಬಂದಾಗ ಒಂದೇ ಮಾತಿನಲ್ಲಿ ಚರ್ಚೆ ಮುಗಿಯುತ್ತದೆ. "ಫುಲ್ ಟೈಟ್ ಮಾಡೀನಿ ಅಣ್ಣಾ, ಏನೂ ಆಗಂಗಿಲ್ಲ, ಹೋಗಿ ಬರ್ರಿ."

ಫುಲ್ ಟೈಟ್ ಎಂದರೆ ಎಷ್ಟು? ಯಾವ ನಟ್ಟನ್ನು ಟೈಟ್ ಮಾಡಿದ್ದು? ಈ ಎರಡು ಪ್ರಶ್ನೆಗಳನ್ನು ಕೇಳುವವರು ವಿರಳ. ಓಡುವ ಕಾರಿನಿಂದ ಗಾಲಿ ಕಳಚಿದರೆ ಅಪಾಯ ಕಾರಿನೊಳಗೆ ಕೂತವರಿಗೆ ಮಾತ್ರವಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಳಚಿದ ಗಾಲಿ ಅದೇ ವೇಗದಲ್ಲಿ ಪುಟಿಯುತ್ತ ಹೋಗುತ್ತದೆ. ಎದುರಿಗೆ ಬರುವ ಬೈಕಿನವನಿಗೆ, ರಸ್ತೆ ಬದಿ ಬಸ್ಸು ಕಾಯುತ್ತ ನಿಂತವರಿಗೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಗಾಲಿಯನ್ನು ಹಿಡಿದಿರುವುದು ಯಾರು?

ಹೆಚ್ಚಿನವರ ಕಲ್ಪನೆ ಹೀಗಿದೆ: ಗೋಡೆಯ ಗೂಟಕ್ಕೆ ಚೀಲ ನೇತು ಹಾಕಿದಂತೆ ನಾಲ್ಕೋ ಐದೋ ಸ್ಟಡ್ಡುಗಳ ಮೇಲೆ ಗಾಲಿ ನೇತಾಡುತ್ತದೆ, ಅದು ಜಾರಿ ಹೊರಗೆ ಬಾರದಂತೆ ನಟ್ಟು ತಡೆಯುತ್ತದೆ. ಬಂಡಿಯ ಕಡೆಗೀಲಿನ ಕೆಲಸ ನಿಜಕ್ಕೂ ಅಷ್ಟೇ. ಕಾರಿನ ನಟ್ಟಿನ ಕೆಲಸ ಹಾಗಲ್ಲ.

ಕಾರಿನ ಗಾಲಿಯನ್ನು ಹಿಡಿದಿರುವುದು ಘರ್ಷಣೆ. ಗಾಲಿಯ ಬೆನ್ನು ಹಬ್ಬಿನ ಮುಖಕ್ಕೆ ಬಲವಾಗಿ ಒತ್ತಿಕೊಂಡಿರುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಕಾರಿನ ಭಾರವನ್ನೂ ಬ್ರೇಕಿನ ಜಗ್ಗಾಟವನ್ನೂ ತಿರುವಿನ ಎಳೆತವನ್ನೂ ತಾಳಿಕೊಳ್ಳುತ್ತದೆ. ಸ್ಟಡ್ಡಿನ ಕೆಲಸ ಭಾರ ಹೊರುವುದಲ್ಲ, ಎಳೆದು ಹಿಡಿಯುವುದು. ಭಾರವನ್ನು ಸ್ಟಡ್ಡೇ ಹೊರಬೇಕಾದ ಪರಿಸ್ಥಿತಿ ಬಂದಿತೆಂದರೆ ಅದು ತುಂಡಾಗುವ ದಾರಿ ಹಿಡಿದಿದೆ ಎಂದೇ ಅರ್ಥ.

ಈ ಒತ್ತಡ ಎಲ್ಲಿಂದ ಬರುತ್ತದೆ? ನಟ್ಟನ್ನು ತಿರುಗಿಸಿದಂತೆ ಉಕ್ಕಿನ ಸ್ಟಡ್ ಹಿಗ್ಗುತ್ತದೆ. ಹೌದು, ಉಕ್ಕೂ ರಬ್ಬರಿನಂತೆ ಹಿಗ್ಗುತ್ತದೆ, ಆದರೆ ಬಹಳ ಕಡಿಮೆ. ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸುವಾಗ ಗಾಲಿಯನ್ನು ಹಬ್ಬಿಗೆ ಎಳೆದು ಅಮುಕುತ್ತದೆ. ಎಳೆದಷ್ಟೂ ಹಿಗ್ಗು, ಹಿಗ್ಗಿದಷ್ಟೂ ಎಳೆತ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಪ್ರೌಢಶಾಲೆಯ ಮಕ್ಕಳು ಸ್ಪ್ರಿಂಗಿಗೆ ತೂಕ ಕಟ್ಟಿ ನೋಡುತ್ತಾರೆ. ಗಾಲಿಯ ಸ್ಟಡ್ ಎಂದರೆ ಬಹಳ ಗಡುಸಾದ ಸ್ಪ್ರಿಂಗು, ಅಷ್ಟೇ.

ಬಂಡಿಯ ಊರಿನವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಏರಿಸುವುದನ್ನು ನೋಡಿದವರು ನೆನಪಿಸಿಕೊಳ್ಳಲಿ. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಸುತ್ತಲೂ ಕಾಯಿಸಿದಾಗ ಅದು ಹಿಗ್ಗುತ್ತದೆ. ಕೆಂಪಗಿರುವಾಗಲೇ ಗಾಲಿಗೆ ಏರಿಸಿ ಚಟಚಟ ನೀರು ಸುರಿಯುತ್ತಾರೆ. ತಣ್ಣಗಾಗಿ ಕುಗ್ಗುವ ಹಳಿ ಅರಗಳನ್ನೂ ಸುತ್ತಿನ ಕಟ್ಟಿಗೆಗಳನ್ನೂ ಅವುಚಿ ಹಿಡಿಯುತ್ತದೆ. ಹಳಿಯ ಬಿಗಿ ಇರುವುದು ಅದಕ್ಕೆ ಹೊಡೆದ ಮೊಳೆಯಲ್ಲಿ ಅಲ್ಲ, ಹಿಗ್ಗಿ ಕುಗ್ಗಿದ ಕಬ್ಬಿಣದ ಎಳೆತದಲ್ಲಿ. ಬಡಿಗನೂ ಕಮ್ಮಾರನೂ ತಲೆಮಾರುಗಳಿಂದ ಬಳಸಿದ ತತ್ವವನ್ನೇ ಕಾರಿನ ಸ್ಟಡ್ ಬಳಸುತ್ತದೆ. ಅಲ್ಲಿ ಬೆಂಕಿ ಮಾಡಿದ ಕೆಲಸವನ್ನು ಇಲ್ಲಿ ತಿರುಪು ಮಾಡುತ್ತದೆ.

ಒಂದಿಷ್ಟು ಲೆಕ್ಕ

ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಸುಮಾರು 10 ಕಿಲೋ ತೂಕ ಹಾಕಿದರೆ ಸಿಗುವುದು ಸುಮಾರು 100 ನ್ಯೂಟನ್-ಮೀಟರ್. ನಮ್ಮ ಸಣ್ಣ ಕಾರುಗಳ ಗಾಲಿ ನಟ್ಟುಗಳಿಗೆ ಕಂಪೆನಿಗಳು ಹೇಳುವ ಟಾರ್ಕ್ ಹೆಚ್ಚು ಕಡಿಮೆ ಇದರ ಸುತ್ತಮುತ್ತಲೇ ಇರುತ್ತದೆ. 85 ಇರಬಹುದು, 110 ಇರಬಹುದು. ಪೋಲೊದಂಥ ಕಾರಿನ 14 ಮಿ.ಮೀ. ಬೋಲ್ಟಿಗೆ 120. ಆಯಾ ಕಾರಿನ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ.

ಟಾರ್ಕನ್ನು ಸ್ಟಡ್ಡಿನ ವ್ಯಾಸದ ಐದನೇ ಒಂದು ಪಾಲಿನಿಂದ ಭಾಗಿಸಿದರೆ ಎಳೆತದ ಅಂದಾಜು ಸಿಗುತ್ತದೆ. ಇದು ಎಂಜಿನಿಯರುಗಳು ಬಳಸುವ ಸ್ಥೂಲ ಸೂತ್ರ. 12 ಮಿ.ಮೀ. ಸ್ಟಡ್ಡಿಗೆ 100 ನ್ಯೂಟನ್-ಮೀಟರ್ ಕೊಟ್ಟರೆ ಬರುವ ಎಳೆತ ಸುಮಾರು 41,700 ನ್ಯೂಟನ್, ಅಂದರೆ ನಾಲ್ಕು ಟನ್ನಿಗಿಂತ ಹೆಚ್ಚು! ನಾಲ್ಕು ಸ್ಟಡ್ ಸೇರಿ ಹದಿನೇಳು ಟನ್. ಒಂದು ಟನ್ ತೂಗದ ಕಾರಿನ ಒಂದೊಂದು ಗಾಲಿಯನ್ನೂ ಹದಿನೇಳು ಟನ್ ಒತ್ತಡ ಅಮುಕಿ ಹಿಡಿದಿರುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ.

ಇಷ್ಟು ಎಳೆತಕ್ಕೆ ಸ್ಟಡ್ ಎಷ್ಟು ಹಿಗ್ಗುತ್ತದೆ? ಬಿಗಿತಕ್ಕೆ ಸಿಕ್ಕಿದ ಭಾಗ 25 ಮಿ.ಮೀ. ಉದ್ದವಿದೆ ಎಂದುಕೊಂಡರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು ಮಾತ್ರ. ಒಂದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಲ್ಲ. ಕಾರಿನ ಗಾಲಿ ನಿಂತಿರುವುದು ಈ ಕೂದಲೆಳೆಯಷ್ಟು ಹಿಗ್ಗಿನ ಮೇಲೆ. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಸಂಗತಿಗಳೂ ತಾವಾಗಿ ಅರ್ಥವಾಗುತ್ತವೆ.

ಉದಾಹರಣೆಗೆ ಬಣ್ಣ. ಗೀರು ಬಿದ್ದ ಅಲಾಯ್ ಗಾಲಿಗೆ ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸುವುದು ಈಗಿನ ರೂಢಿ. ಆ ಲೇಪದ ದಪ್ಪ ಸ್ಟಡ್ಡಿನ ಹಿಗ್ಗಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ನಟ್ಟು ಕೂರುವ ಕುಳಿಯೊಳಗೂ ಗಾಲಿಯ ಬೆನ್ನಿಗೂ ಬಣ್ಣ ಬಳಿದರೆ ನಟ್ಟನ್ನು ಬಿಗಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಾಲ್ಕು ದಿನ ಓಡಿದ ಮೇಲೆ ಬಣ್ಣ ಜಜ್ಜಿ ತೆಳ್ಳಗಾಗುತ್ತದೆ, ಹಿಗ್ಗಿದ್ದ ಸ್ಟಡ್ ಅಷ್ಟೂ ಕುಗ್ಗುತ್ತದೆ. ಹದಿನೇಳು ಟನ್ ಒತ್ತಡದಲ್ಲಿ ಎಷ್ಟು ಉಳಿಯಿತೆಂದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದ ಬಣ್ಣ ಮಾಡಿಸುವವರು ನಟ್ಟಿನ ಕುಳಿಗಳನ್ನೂ ಹಬ್ಬಿಗೆ ತಾಗುವ ಮುಖವನ್ನೂ ಮುಚ್ಚಿಟ್ಟು ಬಳಿಯಲು ಹೇಳಬೇಕು. ಹಳೆಯ ಹಬ್ಬಿನ ಮೇಲೆ ಕಟ್ಟಿದ ತುಕ್ಕಿನ ಕಥೆಯೂ ಇದೇ. ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಲು ಐದು ನಿಮಿಷ ಸಾಕು, ಆ ಐದು ನಿಮಿಷ ಕೊಡುವವರು ಕಡಿಮೆ.

ನೋಡಲು ಒಂದೇ, ಗುಣ ಬೇರೆ

ಈಗ ನಟ್ಟಿನ ಆಯ್ಕೆಗೆ ಬರೋಣ. ನಟ್ಟಿನಲ್ಲಿ ನೋಡಬೇಕಾದ ಮೊದಲ ಸಂಗತಿ ಥ್ರೆಡ್, ಅಂದರೆ ಒಳಗಿನ ತಿರುಪುಗೆರೆ. ಮಾರುತಿ ಸ್ವಿಫ್ಟಿನ ಸ್ಟಡ್ 12 ಮಿ.ಮೀ., ಎರಡು ಗೆರೆಗಳ ನಡುವಿನ ಅಂತರ ಅಥವಾ ಪಿಚ್ 1.25 ಮಿ.ಮೀ. ಹುಂಡೈ ಐ20, ಹೋಂಡಾ ಸಿಟಿ, ಟೊಯೊಟಾ ಇನ್ನೋವಾಗಳದ್ದೂ 12 ಮಿ.ಮೀ. ಸ್ಟಡ್ಡೇ, ಆದರೆ ಪಿಚ್ 1.5. ಎರಡೂ ನಟ್ಟುಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದರ ನಟ್ಟು ಇನ್ನೊಂದರ ಸ್ಟಡ್ಡಿಗೆ ಎರಡು ಸುತ್ತು ಹೋಗಿ ಬಿಗಿಯುತ್ತದೆ. ಕೈಯಿಂದ ತಿರುಗಿಸುವವನಿಗೆ ಅಲ್ಲೇ ತಪ್ಪು ತಿಳಿಯುತ್ತದೆ. ಏರ್ ಗನ್ ಹಿಡಿದವನಿಗೆ ತಿಳಿಯುವುದಿಲ್ಲ. ಗನ್ ಗೆರೆಗಳನ್ನು ಕೆತ್ತಿಕೊಂಡು ಒಳಗೆ ನುಗ್ಗುತ್ತದೆ, ನಟ್ಟು ಗಟ್ಟಿಯಾದಂತೆ ತೋರುತ್ತದೆ. ನಿಜವಾಗಿ ಅಲ್ಲಿ ಹಿಡಿತವೇ ಇರುವುದಿಲ್ಲ. ಇದಕ್ಕೆ ಔಷಧಿ ಬಹಳ ಸರಳ. ಪ್ರತಿ ನಟ್ಟನ್ನೂ ಕೊನೆಯವರೆಗೆ ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಒಗ್ಗದ ನಟ್ಟನ್ನು ಪಾನಾದಿಂದ ಒಗ್ಗಿಸಲು ಹೋಗಬಾರದು.

ಬೆರಳಿನಿಂದ ತಿರುಗಿಸುವಾಗ ಸುತ್ತುಗಳನ್ನು ಎಣಿಸುವುದೂ ಒಳ್ಳೆಯದು. ಸ್ಟಡ್ಡಿನ ವ್ಯಾಸದಷ್ಟು ಉದ್ದವಾದರೂ ನಟ್ಟಿನೊಳಗೆ ಸೇರಬೇಕೆಂಬುದು ಪದ್ಧತಿ. 1.5 ಪಿಚ್ಚಿನ 12 ಮಿ.ಮೀ. ಸ್ಟಡ್ಡಿಗೆ ಅದು ಎಂಟು ಸುತ್ತು, 1.25ಕ್ಕೆ ಒಂಬತ್ತೂವರೆ, ಪೋಲೊದ 14 ಮಿ.ಮೀ. ಬೋಲ್ಟಿಗೆ ಒಂಬತ್ತಕ್ಕೆ ತುಸು ಮೇಲೆ. ಅಲಾಯ್ ಗಾಲಿಯ ಮೈ ಉಕ್ಕಿನ ಗಾಲಿಗಿಂತ ದಪ್ಪ. ಹೀಗಾಗಿ ಹಳೆಯ ಸ್ಟಡ್ಡಿನ ತುದಿ ಮಾತ್ರ ಹೊರಗೆ ಉಳಿಯುವುದುಂಟು. ನಾಲ್ಕೈದು ಸುತ್ತಿಗೇ ನಟ್ಟು ಕೂತರೆ ಆ ಗಾಲಿ ಆ ಕಾರಿಗೆ ಸಲ್ಲ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ತಲೆ ಮುಚ್ಚಿದ ಹೊಳಪಿನ ನಟ್ಟು ಗಿಡ್ಡವಿದ್ದರೆ ಸ್ಟಡ್ಡಿನ ತುದಿ ಅದರ ಮುಚ್ಚಳಕ್ಕೆ ತಾಗಿ ನಿಲ್ಲುತ್ತದೆ. ಪಾನಾ ಬಿಗಿಯಿತು ಎನ್ನುತ್ತದೆ, ಗಾಲಿ ಮಾತ್ರ ಸಡಿಲವಾಗಿಯೇ ಇರುತ್ತದೆ.

ಎರಡನೆಯದು ನಟ್ಟಿನ ಕೂರುವ ಮುಖ. ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲೇ. ಮಾರುಕಟ್ಟೆಯ ಅಲಾಯ್ ಗಾಲಿಗಳಲ್ಲಿ ಹೆಚ್ಚಿನವುಗಳಿಗೆ 60 ಡಿಗ್ರಿ ಶಂಕುವಿನ ಆಕಾರದ ಕುಳಿ ಇರುತ್ತದೆ. ಹೋಂಡಾದ ಮೂಲ ಗಾಲಿಗೆ ಗೋಲಿಯಂತೆ ದುಂಡಗಿನ ಕುಳಿ, ಫೋಕ್ಸ್‌ವ್ಯಾಗನ್ನಿನದೂ ದುಂಡಗಿನದೇ. ಟೊಯೊಟಾದ ಹಲವು ಹಳೆಯ ಅಲಾಯ್ ಗಾಲಿಗಳಿಗೆ ವಾಷರ್ ಇರುವ ಚಪ್ಪಟೆ ನಟ್ಟು. ಆಯಾ ಕುಳಿಗೆ ಆಯಾ ನಟ್ಟೇ ಬೇಕು. ಶಂಕುವಿನ ಕುಳಿಯಲ್ಲಿ ದುಂಡು ಮುಖದ ನಟ್ಟನ್ನು ಕೂರಿಸಿದರೆ ಎರಡೂ ಒಂದು ಸಣ್ಣ ಉಂಗುರದ ಗೆರೆಯಲ್ಲಿ ಮಾತ್ರ ತಾಗುತ್ತವೆ. ಒರಳಿಗೆ ಒಪ್ಪದ ಗುಂಡುಕಲ್ಲು ಹೇಗೋ ಹಾಗೆ. ನಾಲ್ಕು ಟನ್ ಎಳೆತವೆಲ್ಲ ಆ ಗೆರೆಯ ಮೇಲೆ ಬಿದ್ದಾಗ ಉಕ್ಕಿಗಿಂತ ಮೆತ್ತಗಿನ ಅಲ್ಯೂಮಿನಿಯಂ ಮಿಶ್ರಲೋಹ ಕುಸಿಯುತ್ತದೆ. ಅದು ಕೂದಲೆಳೆಯಷ್ಟು ಕುಸಿದರೂ ಸಾಕು, ಬಿಗಿ ಹೋಯಿತು!

ಉಕ್ಕಿನ ಗಾಲಿಗೆ ಈ ವಿಷಯದಲ್ಲಿ ಒಂದು ಉಪಕಾರಿ ಗುಣವಿದೆ. ಅದರ ತಗಡು ನಟ್ಟಿನ ಸುತ್ತ ತುಸು ಉಬ್ಬಿರುತ್ತದೆ. ಬಿಗಿದಾಗ ಬಾಗಿ ತಾನೂ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಸಣ್ಣಪುಟ್ಟ ತಪ್ಪುಗಳನ್ನು ಅದು ನುಂಗಿಕೊಳ್ಳುತ್ತದೆ. ಅಲಾಯ್ ಗಾಲಿ ಗಡುಸು, ಕ್ಷಮಿಸುವುದಿಲ್ಲ. ಉಕ್ಕಿನ ಗಾಲಿಗೆ ಹತ್ತು ವರ್ಷ ನಡೆದ ಅಭ್ಯಾಸ ಅಲಾಯ್ ಗಾಲಿಗೆ ಹತ್ತು ದಿನವೂ ನಡೆಯದಿರಲು ಇದೂ ಒಂದು ಕಾರಣ.

ಮೂರನೆಯದು ತೂತುಗಳ ವೃತ್ತ. ಸ್ವಿಫ್ಟ್, ಐ20, ಹೋಂಡಾ ಸಿಟಿಗಳ ನಾಲ್ಕು ತೂತುಗಳು 100 ಮಿ.ಮೀ. ವ್ಯಾಸದ ವೃತ್ತದ ಮೇಲಿವೆ. ಹಳೆಯ ಫಿಯಟ್ ಪಾಲಿಯೋದ್ದು 98. ವ್ಯತ್ಯಾಸ ಎರಡೇ ಮಿಲಿಮೀಟರ್, ಒಂದೊಂದು ತೂತಿಗೆ ಒಂದೊಂದೇ. ಅಷ್ಟಕ್ಕೇನು ಎಂದು ಒತ್ತಾಯದಿಂದ ಕೂರಿಸುವವರಿದ್ದಾರೆ. ಸ್ಟಡ್ಡುಗಳು ಓರೆಯಾಗಿ ಬಾಗುತ್ತವೆ, ನಟ್ಟುಗಳು ಒಂದೇ ಮಗ್ಗುಲಿಗೆ ಕಚ್ಚುತ್ತವೆ. ಇಂಥ ಗಾಲಿಯಲ್ಲಿ ಹೆದ್ದಾರಿ ಹಿಡಿಯುವುದು ಹುಚ್ಚು ಸಾಹಸ.

ಗಾಲಿಯ ನಡುವಿನ ತೂತು ನಾಲ್ಕನೆಯದು. ಸ್ವಿಫ್ಟಿನ ಹಬ್ಬಿಗೆ 54.1 ಮಿ.ಮೀ. ತೂತು ಬೇಕು, ಪೋಲೊಗೆ 57.1. ಎಲ್ಲ ಕಾರುಗಳಿಗೂ ಆಗಲೆಂದು ಗಾಲಿ ತಯಾರಕರು ಇದನ್ನು 73.1ರವರೆಗೂ ದೊಡ್ಡದಾಗಿ ಕೊರೆದಿರುತ್ತಾರೆ. ಆ ಖಾಲಿಯನ್ನು ತುಂಬಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಉಂಗುರ ಸಿಗುತ್ತದೆ. ಉಂಗುರವಿಲ್ಲದೆ ಗಾಲಿಯನ್ನು ನಡುವಿಗೆ ತರುವ ಕೆಲಸವೆಲ್ಲ ನಟ್ಟಿನ ಶಂಕುವಿಗೇ ಬೀಳುತ್ತದೆ. ಗಾಲಿ ಕೂದಲೆಳೆ ಪಕ್ಕಕ್ಕೆ ಕೂತರೂ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ಬೇಸತ್ತವರು ಒಮ್ಮೆ ಈ ಉಂಗುರವನ್ನು ನೋಡಬೇಕು.

ಬಣ್ಣಬಣ್ಣದ ಅಲ್ಯೂಮಿನಿಯಂ ನಟ್ಟುಗಳೂ ಬಂದಿವೆ. ಹಗುರ, ನೋಡಲು ಚೆಂದ. ಪಂದ್ಯದ ಕಾರಿನಲ್ಲಿ ಅವುಗಳನ್ನು ಆಗಾಗ ಬದಲಾಯಿಸುತ್ತಾರೆ. ದಿನಬಳಕೆಯ ಕಾರಿಗೆ ಉಕ್ಕಿನ ನಟ್ಟಿಗೆ ಸಮನಾದದ್ದಿಲ್ಲ.

ಹತ್ತಿ ನಿಂತರೆ ಏನಾಗುತ್ತದೆ?

ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಕೊನೆಯ ಬಿಗಿತ ಎಂದರೆ ಎಲ್ ಪಾನಾದ ಮೇಲೆ ಕಾಲಿಟ್ಟು ಹತ್ತಿ ನಿಲ್ಲುವುದು. ಲೆಕ್ಕ ಹಾಕಿ ನೋಡಿ. ಪಾನಾದ ಉದ್ದ 30 ಸೆಂ.ಮೀ., ನಿಂತವನ ತೂಕ 65 ಕಿಲೋ. ಟಾರ್ಕ್ ಸುಮಾರು 190 ನ್ಯೂಟನ್-ಮೀಟರ್ ಆಯಿತು. ಬೇಕಾದದ್ದು 100. ಗಾಲಿ ಸ್ಟಡ್ಡುಗಳಿಗೆ ಬಳಸುವ 10.9 ದರ್ಜೆಯ ಉಕ್ಕಿನ 12 ಮಿ.ಮೀ. ಸ್ಟಡ್ ಸುಮಾರು 200ರ ಹತ್ತಿರ ತನ್ನ ಸ್ಪ್ರಿಂಗ್ ಗುಣವನ್ನು ಕಳೆದುಕೊಳ್ಳುತ್ತದೆ, ಅಂದರೆ ಹಿಗ್ಗಿದ್ದು ಮತ್ತೆ ಪೂರ್ತಿ ಕುಗ್ಗುವುದಿಲ್ಲ. ಸುಮ್ಮನೆ ನಿಂತವನು ಆ ಅಂಚಿಗೆ ತಂದಿಟ್ಟ. ಒಮ್ಮೆ ಕುಪ್ಪಳಿಸಿದರೆ ಅಂಚು ದಾಟಿತು. ಪಾನಾಕ್ಕೆ ಪೈಪು ಸಿಕ್ಕಿಸಿ ಉದ್ದ ಮಾಡಿದರಂತೂ ಹೇಳುವುದೇ ಬೇಡ. ಏರ್ ಗನ್ನುಗಳಲ್ಲಿ 400 ನ್ಯೂಟನ್-ಮೀಟರ್ ದಾಟುವಂಥವು ಸಾಮಾನ್ಯ. ಹೀಗೆ ಪೀಡನೆಗೆ ಒಳಗಾದ ಸ್ಟಡ್ ಅಂದೇ ಮುರಿಯುವುದಿಲ್ಲ. ಆರು ತಿಂಗಳ ನಂತರ ಯಾವುದೋ ತಗ್ಗಿನಲ್ಲಿ ಮುರಿಯುತ್ತದೆ. ಆಗ ದೂರು ರಸ್ತೆಯ ಮೇಲೆ!

ನಟ್ಟಿಗೆ ಎಣ್ಣೆ ಹಚ್ಚುವುದು ಇನ್ನೊಂದು ರೂಢಿ. ತುಕ್ಕು ಹಿಡಿಯಬಾರದೆಂಬ ಉದ್ದೇಶವೇನೋ ಒಳ್ಳೆಯದೇ. ಆದರೆ ನಟ್ಟಿಗೆ ಕೊಟ್ಟ ಟಾರ್ಕಿನಲ್ಲಿ ಸ್ಟಡ್ಡನ್ನು ಹಿಗ್ಗಿಸಲು ಬಳಕೆಯಾಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದ ಒಂಬತ್ತು ಪಾಲನ್ನು ನಟ್ಟಿನ ಮುಖದ ಮತ್ತು ಗೆರೆಗಳ ಘರ್ಷಣೆ ತಿನ್ನುತ್ತದೆ. ಎಣ್ಣೆ ಹಚ್ಚಿ ಆ ಘರ್ಷಣೆಯನ್ನು ತಗ್ಗಿಸಿದರೆ ಅದೇ 100 ನ್ಯೂಟನ್-ಮೀಟರಿಗೆ ಸ್ಟಡ್ ಬಹಳ ಹೆಚ್ಚು ಹಿಗ್ಗುತ್ತದೆ. ಕಂಪೆನಿ ಹೇಳುವ ಅಂಕಿ ಸಾಮಾನ್ಯವಾಗಿ ಒಣ, ಶುಚಿಯಾದ ಗೆರೆಗಳಿಗೆ ಸಂಬಂಧಿಸಿದ್ದು.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಜಾಕ್ ಏರಿಸಿ ಗಾಲಿ ಕೂರಿಸಿ ನಟ್ಟುಗಳನ್ನು ಬೆರಳಿನಿಂದ ಕೊನೆಯವರೆಗೂ ತಿರುಗಿಸಬೇಕು. ಆಮೇಲೆ ಪಾನಾದಿಂದ ಹದವಾಗಿ. ಸುತ್ತಲೂ ಸಾಲಾಗಿ ಅಲ್ಲ, ಎದುರುಬದುರಾಗಿ. ನಾಲ್ಕಿದ್ದರೆ ಅಡ್ಡ ಗೀಟಿನಂತೆ, ಐದಿದ್ದರೆ ಮಕ್ಕಳು ಪೆನ್ಸಿಲ್ ಎತ್ತದೆ ನಕ್ಷತ್ರ ಬರೆಯುವಂತೆ. ಸಾಲಾಗಿ ಬಿಗಿದರೆ ಗಾಲಿ ಒಂದು ಮಗ್ಗುಲಿಗೆ ವಾಲಿ ಕೂರುತ್ತದೆ. ಆಮೇಲೆ ಜಾಕ್ ಇಳಿಸಿ, ಟೈರು ನೆಲಕ್ಕೆ ತಾಗಿದ ಮೇಲೆ ಟಾರ್ಕ್ ರೆಂಚಿನಿಂದ ಮೊದಲು ಅರ್ಧದಷ್ಟು, ಬಳಿಕ ಪೂರ್ತಿ. ರೆಂಚು ಟಕ್ ಎಂದ ಮೇಲೆ ನಿಲ್ಲಿಸಬೇಕು. ಇನ್ನೊಂದು ಸಲ ಟಕ್ ಅನ್ನಿಸಿದರೆ ಪುಣ್ಯ ಹೆಚ್ಚುವುದಿಲ್ಲ.

ಟಾರ್ಕ್ ರೆಂಚಿನ ಬೆಲೆ ಒಂದು ಒಳ್ಳೆಯ ಟೈರಿನ ಬೆಲೆಗಿಂತ ಕಡಿಮೆ. ಅದಿಲ್ಲದ ಕಡೆ ತೊಗರಿ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯೇ ಸಾಕು! ನಟ್ಟಿನ ನಡುವಿನಿಂದ 30 ಸೆಂ.ಮೀ. ದೂರಕ್ಕೆ ಪಾನಾದ ಮೇಲೆ ಗುರುತು ಹಾಕಿ, ಅಲ್ಲಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ಲಂಬವಾಗಿ ಎಳೆಯಬೇಕು. ಮುಳ್ಳು 34 ಕಿಲೋ ತೋರಿಸಿದಾಗ 100 ನ್ಯೂಟನ್-ಮೀಟರ್ ಆಯಿತು. 29 ತೋರಿಸಿದರೆ 85. ಕಂಪೆನಿಯ ರೆಂಚಿನಷ್ಟು ನಿಖರವಲ್ಲ, ಕಾಲಿನಿಂದ ಒದೆಯುವುದಕ್ಕಿಂತ ನೂರು ಪಾಲು ಮೇಲು.

ಬಿಸಿಲ ನಾಡಿನವರಿಗೆ ಒಂದು ಮಾತು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ದೂರ ಓಡಿ ಬ್ರೇಕು ಕಾದು ಹಬ್ಬಿನ ಉಷ್ಣತೆ 60 ಡಿಗ್ರಿ ಏರಿತೆನ್ನಿ. 25 ಮಿ.ಮೀ. ದಪ್ಪದ ಅಲಾಯ್ ತನ್ನ ನಡುವಿನ ಸ್ಟಡ್ಡಿಗಿಂತ ಮಿಲಿಮೀಟರಿನ ಅರುವತ್ತನೇ ಒಂದು ಪಾಲಿನಷ್ಟು ಹೆಚ್ಚು ಉಬ್ಬುತ್ತದೆ. ಸ್ಟಡ್ಡಿನ ಒಟ್ಟು ಹಿಗ್ಗಿನ ಮೂರನೇ ಒಂದು ಪಾಲು ಅದು. ಕಾದ ಗಾಲಿಯನ್ನು ಅಳತೆಗೆ ಸರಿಯಾಗಿ ಬಿಗಿದರೆ ತಣ್ಣಗಾದ ಮೇಲೆ ಬಿಗಿ ಅಷ್ಟು ಕಡಿಮೆಯಾಗುತ್ತದೆ. ಗಾಲಿ ಕೈಗೆ ತಣ್ಣಗೆ ಹತ್ತಿದ ಮೇಲೆ ಬಿಗಿಯುವುದೇ ಸರಿ.

ನಟ್ಟು ತಾನಾಗಿ ಬಿಚ್ಚುವುದೇಕೆ?

ತಿರುಪಿನ ಗೆರೆ ಒಂದು ಸುರುಳಿ ಇಳಿಜಾರು. 12 ಮಿ.ಮೀ. ಸ್ಟಡ್ಡಿನಲ್ಲಿ 1.5 ಪಿಚ್ಚಿದ್ದರೆ ಆ ಇಳಿಜಾರು ಎರಡೂವರೆ ಡಿಗ್ರಿ ಮಾತ್ರ. ಇಷ್ಟು ಸಪಾಟಾದ ಇಳಿಜಾರಿನಲ್ಲಿ ನಟ್ಟು ತಾನಾಗಿ ಜಾರಬಾರದು, ಘರ್ಷಣೆ ಬಿಡುವುದಿಲ್ಲ. ಆದರೂ ಬಿಚ್ಚುವುದುಂಟು. ಇದರ ಗುಟ್ಟನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದ. ಉದ್ದುದ್ದಕ್ಕೆ ಎಷ್ಟು ಅಲುಗಿಸಿದರೂ ನಟ್ಟು ಅಷ್ಟಾಗಿ ಜಗ್ಗುವುದಿಲ್ಲ. ಬಿಗಿದ ವಸ್ತು ಅಡ್ಡಡ್ಡಲಾಗಿ ಜಾರತೊಡಗಿತೋ, ನಟ್ಟು ಸರಸರನೆ ಹಿಂದಕ್ಕೆ ತಿರುಗುತ್ತದೆ. ಅಡ್ಡ ಜಾರುವಾಗ ಘರ್ಷಣೆಯೆಲ್ಲ ಆ ದಿಕ್ಕಿಗೆ ಖರ್ಚಾಗಿ, ತಿರುಗುವುದನ್ನು ತಡೆಯಲು ಏನೂ ಉಳಿಯುವುದಿಲ್ಲ. ಅಂದರೆ ಗಾಲಿ ಹಬ್ಬಿನ ಮೇಲೆ ಎಳ್ಳಷ್ಟೂ ಜಾರದಂತೆ ಒತ್ತಡ ಇರುವವರೆಗೆ ನಟ್ಟು ಭದ್ರ. ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ಮುಂದಿನದು ಬೇಗ ಬೇಗ ಆಗುತ್ತದೆ.

ಹಳೆಯ ಕಾಲದ ಎಂಜಿನಿಯರುಗಳು ಇದಕ್ಕೆ ಬೇರೆ ಉಪಾಯ ಮಾಡಿದ್ದರು. ಮಹೀಂದ್ರ ಕಂಪೆನಿ ಜೋಡಿಸತೊಡಗಿದ ವಿಲ್ಲೀಸ್ ಜೀಪಿನ ಎರಡನೇ ಮಹಾಯುದ್ಧದ ಮಾದರಿಯಲ್ಲಿ ಎಡಗಡೆ ಗಾಲಿಗಳಿಗೆ ಎಡಮುರಿ ತಿರುಪು ಇತ್ತು. ಗಾಲಿ ಉರುಳುವ ದಿಕ್ಕು ನಟ್ಟನ್ನು ಬಿಗಿಯುವಂತಿರಲಿ ಎಂಬುದು ಉದ್ದೇಶ. ಗೊತ್ತಿಲ್ಲದವರು ಬಿಚ್ಚಲು ಹೋಗಿ ಮತ್ತಷ್ಟು ಬಿಗಿದು ಸ್ಟಡ್ ಮುರಿಯುತ್ತಿದ್ದರು. ಸರಿಯಾದ ಬಿಗಿತವಿದ್ದರೆ ಈ ಉಪಾಯ ಬೇಡವೆಂದು ಮನವರಿಕೆಯಾಗಿ ಕಾರುಗಳಿಂದ ಅದು ಮರೆಯಾಯಿತು.

ಹೊಸ ಗಾಲಿ ಹಾಕಿದ ಮೇಲೆ 80ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿತ ನೋಡಬೇಕೆನ್ನುವುದು ಇದಕ್ಕೇ. ಕುಳಿಗಳು ಒಗ್ಗಿಕೊಳ್ಳುವಾಗ ಕೂದಲೆಳೆಯ ಹಿಗ್ಗಿನಲ್ಲಿ ಸ್ವಲ್ಪ ಕಳೆದುಹೋಗುತ್ತದೆ. ಆಳಂದದಿಂದ ಕಲಬುರಗಿಗೆ ಹೋಗಿ ಬಂದರೆ ಆ ದೂರ ಮುಗಿಯಿತು. ಮನೆ ಮುಂದೆ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಹತ್ತು ನಿಮಿಷದ ಕೆಲಸ. ಗಾಲಿಯಿಂದ ಟಕಟಕ ಸದ್ದು, ಹೊಸದಾಗಿ ಬಂದ ನಡುಕ, ನಟ್ಟಿನ ಸುತ್ತ ತುಕ್ಕಿನ ಗೆರೆ ಅಥವಾ ಕಪ್ಪು ಪುಡಿ, ಇವುಗಳಲ್ಲಿ ಒಂದು ಕಂಡರೂ ಮುಂದೆ ಓಡಿಸಬಾರದು. ಒಂದು ಸ್ಟಡ್ ಮುರಿದಿದ್ದರೆ ಅದರ ಪಾಲಿನ ಹೊರೆ ಹೊತ್ತ ಪಕ್ಕದವೂ ಬಳಲಿರುತ್ತವೆ. ಆ ಗಾಲಿಯ ಎಲ್ಲವನ್ನೂ ಬದಲಾಯಿಸುವುದು ಜಾಣತನ.

ಪಂದ್ಯದಲ್ಲೂ ತಪ್ಪದ ಕಾಟ

ಜಗತ್ತಿನ ಅತಿ ದುಬಾರಿ ಕಾರುಗಳಿಗೂ ಈ ಕಾಟ ತಪ್ಪಿಲ್ಲ. 1991ರ ಪೋರ್ಚುಗಲ್ ಗ್ರ್ಯಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್‌ನ ವಿಲಿಯಮ್ಸ್ ಕಾರು ಟೈರು ಬದಲಾಯಿಸಿಕೊಂಡು ಹೊರಟ ಕೆಲವೇ ಗಜಗಳಲ್ಲಿ ಅದರ ಬಲಗಡೆ ಹಿಂದಿನ ಗಾಲಿ ಕಳಚಿ ಉರುಳಿತು. ನಟ್ಟು ಕೂತಿರಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ನಾಲ್ಕು, ಐದನೇ ಸ್ಥಾನಗಳಲ್ಲಿದ್ದ ಹಾಸ್ ತಂಡದ ಎರಡೂ ಕಾರುಗಳು ಸರಿಯಾಗಿ ಬಿಗಿಯದ ಗಾಲಿಗಳಿಂದಾಗಿ ಒಂದರ ಹಿಂದೊಂದು ನಿಂತುಹೋದವು. 2021ರ ಮೊನಾಕೊ ಪಂದ್ಯದಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಸಂಗ. ವಾಲ್ಟೆರಿ ಬೊಟ್ಟಾಸ್‌ನ ಮರ್ಸಿಡಿಸ್ ಕಾರಿನ ನಟ್ಟಿಗೆ ಗನ್ ಓರೆಯಾಗಿ ಕಚ್ಚಿ ಅದರ ಹಲ್ಲುಗಳೆಲ್ಲ ಸವೆದುಹೋದವು. ಗಾಲಿ ಬಿಚ್ಚಲಾಗದೆ ಎರಡನೇ ಸ್ಥಾನದಲ್ಲಿದ್ದ ಆತ ಪಂದ್ಯದಿಂದಲೇ ಹೊರಬಿದ್ದ. ಆ ಗಾಲಿ ಬಿಚ್ಚಿದ್ದು ಎರಡು ದಿನಗಳ ನಂತರ, ಇಂಗ್ಲೆಂಡಿನ ಕಾರ್ಖಾನೆಯಲ್ಲಿ! ಆ ಕಾರುಗಳಲ್ಲಿ ಗಾಲಿಗೆ ಒಂದೇ ನಟ್ಟು.

ನಮ್ಮಲ್ಲಿಯೇ ನಡೆಯುವ ಕೆ-1000ದಂಥ ರ್ಯಾಲಿಗಳ ಕಾರುಗಳು ಮಣ್ಣು, ಕಲ್ಲಿನ ದಾರಿಯಲ್ಲಿ ಓಡುತ್ತವೆ. ಆಳಂದ, ಅಫಜಲಪುರ, ಜೇವರ್ಗಿಗಳ ಒಳದಾರಿಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮಾಡಿದ ತಗ್ಗು ದಿನ್ನೆಗಳಲ್ಲಿ ಓಡುವ ಕಾರಿನ ಗಾಲಿಗೂ ರ್ಯಾಲಿ ಕಾರಿನ ಗಾಲಿಗೂ ಆಗುವ ಪೀಡನೆಯಲ್ಲಿ ಬಹಳ ಅಂತರವೇನಿಲ್ಲ. ಅಂತರವಿರುವುದು ಆರೈಕೆಯಲ್ಲಿ. ರ್ಯಾಲಿಯವರು ಪ್ರತಿ ನಿಲುಗಡೆಯಲ್ಲೂ ರೆಂಚು ಹಿಡಿಯುತ್ತಾರೆ.

ಕಾನೂನಿನ ಮಾತೂ ಒಂದಿದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರು ಹೇಳಿದ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿ ಹಿಡಿಯಿತು. ಅದೇ ಮಾದರಿಯ ಮೇಲಿನ ದರ್ಜೆಯ ಕಾರಿಗೆ ಕಂಪೆನಿ ಕೊಡುವ ಅಳತೆಯ ಗಾಲಿಯನ್ನೇ ಆರಿಸಿಕೊಂಡರೆ ಕಾನೂನಿನ ತಕರಾರೂ ಕಡಿಮೆ, ನಟ್ಟಿನ ತಕರಾರೂ ಕಡಿಮೆ.

ಇನ್ನು ಉಳಿದದ್ದು ಸ್ಟೆಪ್ನಿ. ನಾಲ್ಕು ಗಾಲಿಗಳು ಅಲಾಯ್ ಆದರೂ ಡಿಕ್ಕಿಯಲ್ಲಿ ಮಲಗಿರುವುದು ಹಳೆಯ ಉಕ್ಕಿನ ಗಾಲಿಯೇ. ಹೊಸ ಗಾಲಿಗೆಂದು ತಂದ ಉದ್ದನೆಯ ನಟ್ಟೋ, ಬೋಲ್ಟೋ, ಬೇರೆ ಮುಖದ್ದೋ ಅದಕ್ಕೆ ಸರಿಹೋಗದಿರಬಹುದು. ಪೋಲೊದಂಥ ಬೋಲ್ಟಿನ ಕಾರಿನಲ್ಲಿ ಉದ್ದ ಬೋಲ್ಟು ತೆಳ್ಳಗಿನ ಉಕ್ಕಿನ ಗಾಲಿಯನ್ನು ದಾಟಿ ಒಳಗಿನ ಬ್ರೇಕಿನ ಭಾಗಗಳಿಗೆ ತಾಗುವ ಸಂಭವವೂ ಇದೆ. ಗಾಣಗಾಪುರಕ್ಕೋ ಅಕ್ಕಲಕೋಟೆಗೋ ಹೊರಟ ಸಂಸಾರ ರಾತ್ರಿ ನಡುದಾರಿಯಲ್ಲಿ ಪಂಕ್ಚರ್ ಆಗಿ ನಿಂತಾಗ ಇದು ತಿಳಿದು ಉಪಯೋಗವಿಲ್ಲ. ಗಾಲಿ ಬದಲಾಯಿಸಿದ ಅಂಗಡಿಯವನು ಕಾರಿನಿಂದ ಬಿಚ್ಚಿದ ಹಳೆಯ ನಟ್ಟುಗಳನ್ನು ಮೂಲೆಯ ಡಬ್ಬಿಗೆ ಎಸೆಯುವ ಮುಂಚೆ ಕೇಳಿ ಪಡೆಯಬೇಕು. ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ, ಕಳ್ಳರ ಕಾಟಕ್ಕೆಂದು ಲಾಕ್ ನಟ್ಟು ಹಾಕಿಸಿದ್ದರೆ ಅದರ ಕೀಲಿಯನ್ನೂ ಜೊತೆಗಿಟ್ಟು, ಸ್ಟೆಪ್ನಿಯ ಕೆಳಗೆ ಜಾಕಿನ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.